ಹಂಗಿಲ್ಲದ ದಾರಿ ಇದೆಯೆ?

ನನ್ನ ಪರಿಚಯದ ಯುವಕನೊಬ್ಬ ಬೈಕಿನಲ್ಲಿ ಆಫ್ರಿಕಾಕ್ಕೆ ಹೋಗುವ ತಯಾರಿಯಲ್ಲಿದ್ದಾನೆ. ಕೀನ್ಯಾದ ಇಸಿಯೊಲೊದಿಂದ ಹೊರಟು, ಮಾರ್ಸಬಿಟ್ ದಾಟಿ, ಇಥಿಯೋಪಿಯದ ಗಡಿಯಲ್ಲಿರುವ ಮೊಯಾಲೆ ತಲುಪುವ ಸುಮಾರು 500 ಕಿಲೋಮೀಟರ್ ದಾರಿ ಅವನಿಗೆ ಬಾಯಿಪಾಠವಾಗಿದೆ. ಕಲ್ಲು, ಧೂಳುಗಳ ಆ ದಾರಿ ಒಂದು ಕಾಲಕ್ಕೆ ಸವಾರರ ಎದೆಗಾರಿಕೆಯ ಪರೀಕ್ಷೆಯಾಗಿತ್ತು. ಕಳೆದ ದಶಕದಲ್ಲಷ್ಟೇ ಅದು ಪೂರ್ತಿ ಡಾಂಬರು ಕಂಡಿತು. ಅದರ ಎಡಬಲಕ್ಕೆ ಸಾಂಬುರು, ರೆಂಡಿಲೆ, ಗಬ್ರಾ, ಬೊರಾನಾ ಎಂಬ ಪಶುಪಾಲಕ ಜನ ಒಂಟೆ, ದನ, ಆಡುಗಳೊಂದಿಗೆ ನೀರು ಹುಲ್ಲು ಹುಡುಕುತ್ತ ಬದುಕುತ್ತಾರೆ. "ಅಲ್ಲಿ ಯಾರ ಹಂಗೂ ಇರೂದಿಲ್ಲ ನೋಡ್ರಿ. ನಾನು, ನನ್ನ ಗಾಡಿ, ಅಷ್ಟ" ಎಂದು ಅವನು ಹೇಳಿದ.

ಆ 'ಹಂಗು' ಎಂಬ ಮಾತು ನನ್ನ ಮನಸ್ಸಿನಲ್ಲಿ ಕುಳಿತುಬಿಟ್ಟಿತು. ಅದನ್ನು ಕೇಳಿ ನನಗೆ ನೆನಪಾದದ್ದು ಆಫ್ರಿಕಾ ಅಲ್ಲ, ನಮ್ಮ ಹುಬ್ಬಳ್ಳಿ ಪಕ್ಕದ ತಾರಿಹಾಳ.

ಕೆಲವು ವರ್ಷಗಳ ಹಿಂದಿನ ಮಾತು. ಸುಗ್ಗಿ ಮುಗಿದ ಚಳಿಗಾಲದ ಒಂದು ಸಂಜೆ ಧಾರವಾಡದಿಂದ ಬೈಪಾಸಿನಲ್ಲಿ ಬಂದು ತಾರಿಹಾಳದ ಕಡೆಗೆ ಇಳಿದಿದ್ದೆ. ರಸ್ತೆ ತುಂಬ ಕುರಿಗಳು. ಹಿಂದೆ ಸಾಮಾನು ಹೊತ್ತ ಎರಡು ಕುದುರೆ, ಅವುಗಳ ಮೇಲೆ ಬಲೆ, ಪಾತ್ರೆ, ಕೋಳಿ, ನಡೆಯಲಾರದ ಮರಿಗಳು. ಹತ್ತು ನಿಮಿಷ ಕಾದಿದ್ದರೆ ಹಿಂಡು ಹೊಲಕ್ಕೆ ಇಳಿಯುತ್ತಿತ್ತು. ನನಗೆ ಅಂಥ ಅವಸರವೇನೂ ಇರಲಿಲ್ಲ. ಆದರೂ ಹಾರ್ನ್ ಬಾರಿಸುತ್ತ ನುಗ್ಗಿದೆ. ಬೆದರಿದ ಕುರಿಯೊಂದು ಅಡ್ಡ ಹಾರಿ ಮುಂದಿನ ಗಾಲಿಗೆ ಸಿಕ್ಕಿತು. ಅದರ ಮುಂಗಾಲು ಮುರಿಯಿತು.

ಮುದುಕ ಕುರಿಗಾರ ಓಡಿಬಂದ. ಬೈಗುಳಕ್ಕೆ ಸಿದ್ಧನಾಗಿ ನಾನು ಕಿಸೆಗೆ ಕೈಹಾಕಿದೆ. ಅವನು, "ಮೊದಲ ಗಾಡಿ ಬಂದ್ ಮಾಡ್ರಿ ಸಾಹೇಬ್ರ, ಉಳಿದುವೂ ಅಂಜಾಕತ್ತಾವ" ಎಂದ. ನೋಟು ಚಾಚಿದಾಗ, "ರೊಕ್ಕ ಆಮ್ಯಾಲ. ಈಗ ಇದನ್ನ ಗಟ್ಟಿ ಹಿಡೀರಿ" ಎಂದ. ಬಿದಿರ ದಬ್ಬೆ ಸೀಳಿ, ರುಮಾಲಿನ ಅಂಚು ಹರಿದು, ಕಾಲಿಗೆ ಕಟ್ಟುವವರೆಗೆ ಅರ್ಧ ಗಂಟೆ ನಾನು ಆ ಕುರಿಯನ್ನು ಅವುಚಿಕೊಂಡು ಕುಳಿತಿದ್ದೆ. ಅದರ ಎದೆ ಬಡಿತ ನನ್ನ ಅಂಗೈಗೆ ತಿಳಿಯುತ್ತಿತ್ತು. ಆಮೇಲೆ ಅವನು ಹಣ ತೆಗೆದುಕೊಂಡ, ಎಣಿಸಲಿಲ್ಲ. ಅವನ ಹೆಂಡತಿ ಮೂರು ಕಲ್ಲಿನ ಒಲೆ ಹೂಡಿ ಚಹಾ ಕಾಸಿದಳು. ನನಗೂ ಒಂದು ಬಟ್ಟಲು ಬಂತು.

ಚಹಾ ಕುಡಿಯುತ್ತ, "ಹಿಂಗ ಎಲ್ಲಿಬೇಕಲ್ಲಿ ತಿರುಗತೀರಿ, ಚಲೋ ಜೀವನ" ಎಂದೆ. ಮುದುಕ ನಕ್ಕ. "ಎಲ್ಲಿಬೇಕಲ್ಲಿ ಹೆಂಗ ತಿರುಗೂದ್ರಿ? ಇವತ್ತಿನಿಂದ ಮೂರು ರಾತ್ರಿ ಇವರ ಹೊಲದಾಗ. ಆಮ್ಯಾಲ ಇವರ ಬೀಗರ ಹೊಲದಾಗ. ನಮ್ಮಪ್ಪನ ಕಾಲದಿಂದ ಮಾತು ಐತಿ. ಮಾತು ತಪ್ಪಿದ್ರ ಬರೂ ವರ್ಷ ಯಾರು ಕರೀತಾರ?"

ನಮ್ಮ ಉತ್ತರ ಕರ್ನಾಟಕದ ಕುರುಬರ ಅಲೆದಾಟದ ಗುಟ್ಟು ಈ ಮಾತಿನಲ್ಲೇ ಇದೆ. ಕಪ್ಪು ಉಣ್ಣೆಯ ದಖನಿ ಕುರಿ ದೂರ ನಡೆಯಬಲ್ಲದು, ಆದರೆ ಜಡಿಮಳೆ ಮತ್ತು ಕೆಸರು ಅದಕ್ಕೆ ಆಗದು. ಉಣ್ಣೆ ನೆನೆದು, ಗೊರಸು ಕೊಳೆತು ರೋಗ ಬರುತ್ತದೆ. ಹಾಗಾಗಿ ಮಳೆಗಾಲದಲ್ಲಿ ಒಣ ಬಯಲು, ಸುಗ್ಗಿಯ ನಂತರ ಕೊಯ್ಲಾದ ಹೊಲಗಳು. ಹೊಲದಲ್ಲಿ ರಾತ್ರಿ ಹಿಂಡು ತರುಬಿದರೆ ಹಿಕ್ಕೆ, ಮೂತ್ರ ನೆಲಕ್ಕೆ ಗೊಬ್ಬರ. ಅದಕ್ಕೆ ಪ್ರತಿಯಾಗಿ ರೈತ ಹಿಂದೆ ಜೋಳ ಕೊಡುತ್ತಿದ್ದ, ಈಗ ಹೆಚ್ಚಾಗಿ ಹಣ ಕೊಡುತ್ತಾನೆ. ಕುರಿಗೆ ಮೇವು, ನೆಲಕ್ಕೆ ಸತ್ವ, ಮನೆಗೆ ಕಾಳು. ನಾವು 'ಅಲೆಮಾರಿ' ಎಂದು ಕರೆಯುವವನು ಕೊಟ್ಟ ಮಾತಿನಿಂದ ಕೊಟ್ಟ ಮಾತಿಗೆ ನಡೆಯುತ್ತಾನೆ. ಹೀಗೆ ನೋಡಿದರೆ ಆ ದಿನ ಆ ರಸ್ತೆಯಲ್ಲಿ ಗೊತ್ತುಗುರಿಯಿಲ್ಲದವನು ನಾನೊಬ್ಬನೇ.

ಆಫ್ರಿಕಾದಲ್ಲಿಯೂ ಕಥೆ ಬೇರೆಯಲ್ಲ. ಬೊರಾನಾ ಜನರ ಬಾವಿಗಳು ಬಹಳ ಆಳ. ಜನ ಒಬ್ಬರ ಮೇಲೊಬ್ಬರು ಸಾಲಾಗಿ ನಿಂತು, ಹಾಡಿಕೊಳ್ಳುತ್ತ, ಕೈಯಿಂದ ಕೈಗೆ ನೀರು ದಾಟಿಸುತ್ತಾರೆ. ಯಾರ ದನ ಯಾವ ದಿನ ಕುಡಿಯಬೇಕು ಎಂಬುದಕ್ಕೂ ಸರದಿ ಇದೆ. ಹೊರಗಿನವನಿಗೆ ಬರಿದಾದ ಬಯಲಾಗಿ ಕಾಣುವ ನೆಲದಲ್ಲಿ ಪ್ರತಿ ಗುಟುಕು ನೀರಿಗೂ ಒಂದು ಹಂಗಿದೆ. 2020ರ ಕೊನೆಯಿಂದ 2022ರವರೆಗೆ ಅಲ್ಲಿ ಸತತ ಐದು ಮಳೆಗಾಲಗಳು ಕೈಕೊಟ್ಟು ಲಕ್ಷಾಂತರ ಜಾನುವಾರುಗಳು ಸತ್ತವು. ಆ ವರ್ಷಗಳಲ್ಲಿ ಅದೇ ದಾರಿಯಲ್ಲಿ ಹೋದ ಸವಾರನಿಗೆ ಅದು ಸಾಹಸ, ಪಕ್ಕದಲ್ಲಿ ನಿಂತವನಿಗೆ ಸರ್ವನಾಶ. ಒಂದೇ ರಸ್ತೆ, ಎರಡು ಅರ್ಥ.

ಹಾಗಾದರೆ ಪ್ರವಾಸವೇ ತಪ್ಪೇ? ಖಂಡಿತ ಅಲ್ಲ. ಪ್ರವಾಸಿಗರಿಲ್ಲದಿದ್ದರೆ ಲೋಕಕ್ಕೆ ಲೋಕದ ಪರಿಚಯವಾಗುತ್ತಿರಲಿಲ್ಲ. 1340ರ ದಶಕದಲ್ಲಿ ನಮ್ಮ ಹೊನ್ನಾವರಕ್ಕೆ ಬಂದು, ಅಲ್ಲಿನ ಹೆಣ್ಣುಮಕ್ಕಳ ಶಾಲೆಗಳನ್ನೂ ದಾಖಲಿಸಿದ ಇಬ್ನ್ ಬತೂತ 1352ರಲ್ಲಿ ಒಂಟೆಗಳ ಸಾಲಿನೊಂದಿಗೆ ಸಹಾರಾ ದಾಟಿ ಮಾಲಿ ರಾಜ್ಯಕ್ಕೆ ಹೋದ. ದಾರಿಯಲ್ಲಿ ವಲಾತಾ ಎಂಬ ಊರಲ್ಲಿ ಅವನಿಗೆ ಜೇನು, ಹಾಲು ಬೆರೆಸಿದ ಕಿರುಧಾನ್ಯವನ್ನು ಅರ್ಧ ಸೋರೆಬುರುಡೆಯಲ್ಲಿ ಕೊಟ್ಟರು. ಇಷ್ಟಕ್ಕೇ ನಮ್ಮನ್ನು ಕರೆದರೆ ಎಂದು ಅವನು ಮೂಗು ಮುರಿದ. ಆದರೆ ಮುಂದೆ ಆ ನಾಡಿನಲ್ಲಿ ದಾರಿಹೋಕನಿಗೆ ಕಳ್ಳರ ಭಯವಿಲ್ಲ, ಅಲ್ಲಿ ಸತ್ತ ಪರದೇಶಿಯ ಆಸ್ತಿಯನ್ನು ವಾರಸುದಾರ ಬರುವ ತನಕ ನಂಬಿಗಸ್ಥರು ಕಾಯುತ್ತಾರೆ ಎಂದೂ ಅವನೇ ಬರೆದ. ತನ್ನ ಮೂಗು ಮುರಿದದ್ದನ್ನು ಅವನು ಮುಚ್ಚಿಡಲಿಲ್ಲ. ಅದರಿಂದಲೇ ನಾವು ಕಲಿಯಬಹುದು: ಸಿಕ್ಕಿದ್ದನ್ನು ಅಳೆಯುವ ಪ್ರವಾಸಿಗೆ ಕೊಟ್ಟವರ ಕೈ ಕಾಣುವುದಿಲ್ಲ.

ಇಂದು ಈ ಅಳತೆ ಹಣದ ರೂಪ ಪಡೆದಿದೆ. ಇಥಿಯೋಪಿಯದ ಓಮೋ ಕಣಿವೆಯಲ್ಲಿ ಮುರ್ಸಿ ಜನ ಪ್ರತಿ ಫೋಟೋಕ್ಕೆ ದುಡ್ಡು ಕೇಳುತ್ತಾರೆಂದು ಹೋಗಿಬಂದವರು ದೂರುತ್ತಾರೆ. ಮುಗ್ಧ ಜನ ಕೆಟ್ಟುಹೋದರು ಎಂದು ಮರುಗುತ್ತಾರೆ. ಆದರೆ ಯೋಚಿಸಿ. ಮುಖವನ್ನು ಸರಕಾಗಿ ಮೊದಲು ಕಂಡವರು ಯಾರು? ಕ್ಯಾಮೆರಾ ಹಿಡಿದವನು ತಾನೇ? ಸರಕಾದ ಮೇಲೆ ಬೆಲೆ ಕೇಳುವುದು ಅನ್ಯಾಯವಲ್ಲ. ಅಷ್ಟಾದರೂ, ಬೆಲೆ ಕೊಟ್ಟ ಮಾತ್ರಕ್ಕೆ ಋಣ ತೀರಿತೆಂದು ನನಗೆ ಅನಿಸುವುದಿಲ್ಲ. ತಾರಿಹಾಳದಲ್ಲಿ ನಾನು ಚಾಚಿದ ನೋಟು ಪರಿಹಾರಕ್ಕಿಂತ ಹೆಚ್ಚಾಗಿ ಅಲ್ಲಿಂದ ಪಾರಾಗುವ ದಾರಿಯಾಗಿತ್ತು. ಮುದುಕ ಅದನ್ನು ಕಂಡುಕೊಂಡ. ಅದಕ್ಕೇ ಹಣಕ್ಕೆ ಮೊದಲು ನನ್ನ ಕೈ ಕೇಳಿದ.

ದಾರಿಹೋಕನಿಗೆ ಹಕ್ಕುಗಳಿವೆ ಎಂದು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಝಕಾತ್ ಪಡೆಯಬಹುದಾದವರಲ್ಲಿ ಕುರ್‌ಆನ್ ಅವನನ್ನೂ ಹೆಸರಿಸುತ್ತದೆ. ಆದರೆ ಅವನ ಕರ್ತವ್ಯದ ಬಗ್ಗೆ ನಾವು ಮಾತಾಡುವುದು ಕಡಿಮೆ. ಪ್ರವಾದಿ ಮೂಸಾ ಈಜಿಪ್ಟಿನಿಂದ ತಪ್ಪಿಸಿಕೊಂಡು ಮದ್ಯನ್ ತಲುಪಿದ ಪ್ರಸಂಗವನ್ನು ನೆನೆಯಿರಿ. ಊರು ಬಿಟ್ಟವರು, ಕೈಯಲ್ಲಿ ಏನಿಲ್ಲದವರು. ನೀರಿನ ಬಳಿ ಕುರಿಗಾರರ ಗದ್ದಲ. ಇಬ್ಬರು ಹೆಣ್ಣುಮಕ್ಕಳು ತಮ್ಮ ಹಿಂಡನ್ನು ತಡೆದು ದೂರ ನಿಂತಿದ್ದರು. ಮೂಸಾ ವಿಚಾರಿಸಿದರು, ಅವರ ಹಿಂಡಿಗೆ ನೀರುಣಿಸಿದರು, ಆಮೇಲೆ ನೆರಳಿಗೆ ಸರಿದು ತನ್ನ ಅಗತ್ಯವನ್ನು ದೇವನಲ್ಲಿ ನಿವೇದಿಸಿಕೊಂಡರು. ಮೊದಲು ಕೆಲಸ, ಅನಂತರ ನೆರಳು. ಕೊನೆಗೆ ಆ ದಾರಿಹೋಕ ಅದೇ ಮನೆಯ ಕುರಿಗಾಹಿಯಾಗಿ ವರ್ಷಗಟ್ಟಲೆ ಉಳಿದರು.

ನಾವೆಲ್ಲ ಹಾಗೆ ಉಳಿಯಲಾರೆವು, ನಿಜ. ರಸ್ತೆ ಆಂಬುಲೆನ್ಸಿಗೂ ಬೇಕು, ಕಾರ್ಖಾನೆಯ ಪಾಳಿಗೆ ಓಡುವವನಿಗೂ ಬೇಕು. ತಾರಿಹಾಳದ ಸುತ್ತ ಇಂದು ಕೈಗಾರಿಕಾ ಪ್ರದೇಶವಿದೆ, ಹತ್ತಿರದಲ್ಲೇ ವಿಮಾನ ನಿಲ್ದಾಣವಿದೆ. ಹಿಂಡು ಇಳಿಯುವ ಜಾಗ ವರ್ಷ ವರ್ಷ ಕಿರಿದಾಗುತ್ತಿದೆ. ಇದನ್ನೆಲ್ಲ ಒಬ್ಬ ಸವಾರ ಸರಿಪಡಿಸಲಾರ. ಆದರೆ ಅವಸರವಿಲ್ಲದವನು ಅವಸರದ ಹಕ್ಕು ಕೇಳಬಾರದು. ಇನ್ನೊಬ್ಬರ ಅನ್ನದ ನಡುವೆ ಹಾದುಹೋಗುವ ರಸ್ತೆಯಲ್ಲಿ ನಾವು ಅತಿಥಿಗಳು, ಮಾಲೀಕರಲ್ಲ. ಹಂಗನ್ನು ನಾವು ಬಂಧನವೆಂದು ತಿಳಿದಿದ್ದೇವೆ. ಮನುಷ್ಯ ಮನುಷ್ಯನಿಗೆ ಸಿಕ್ಕುವುದು ಆ ಗಂಟಿನಲ್ಲೇ ಅಲ್ಲವೇ?

ಯುವಕನಿಗೆ ನಾನು ಹೋಗಬೇಡ ಎನ್ನಲಿಲ್ಲ. ಆ ಕುರಿಯ ಕಥೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಕುರಿ ಉಳೀತೇನ್ರಿ?" ಎಂದು ಕೇಳಿದ.

ನನಗೆ ಗೊತ್ತಿರಲಿಲ್ಲ. ಮೂರು ರಾತ್ರಿ ಹಿಂಡು ಅಲ್ಲೇ ಇತ್ತು, ನನ್ನ ಮನೆಯಿಂದ ಅರ್ಧ ಗಂಟೆಯ ದಾರಿ. ನಾನು ಮತ್ತೆ ಹೋಗಿ ನೋಡಿರಲಿಲ್ಲ.