ದಾಳ ಬಿದ್ದ ಮೇಲಿನ ತೀರ್ಪು

ಮಾಡಿದ್ದು ಸರಿಯೋ ತಪ್ಪೋ ಎಂಬುದನ್ನು ಫಲ ನೋಡಿ ಹೇಳುವುದು ನಮ್ಮ ರೂಢಿ. ಗೆದ್ದವನ ಹುಂಬತನ ಜಾಣತನವಾಗುತ್ತದೆ, ಸೋತವನ ಲೆಕ್ಕಾಚಾರ ಮೂರು ಕಾಸಿನದಾಗುತ್ತದೆ. ಈ ರೂಢಿ ಎಷ್ಟು ಪೊಳ್ಳು ಎಂಬುದನ್ನು ‘ಎಕ್ಸ್-ವಿಂಗ್’ ಎಂಬ ಆಟ ಚೆನ್ನಾಗಿ ತೋರಿಸುತ್ತದೆ. 2012ರಲ್ಲಿ ಅಮೆರಿಕದ ಫ್ಯಾಂಟಸಿ ಫ್ಲೈಟ್ ಗೇಮ್ಸ್ ಹೊರತಂದ ಈ ಆಟದಲ್ಲಿ ‘ಸ್ಟಾರ್ ವಾರ್ಸ್’ ಯುದ್ಧನೌಕೆಗಳ ಪುಟ್ಟ ಮಾದರಿಗಳನ್ನು ಮೇಜಿನ ಮೇಲೆ ನಡೆಸಿ, ಕೆಂಪು ದಾಳ ಉರುಳಿಸಿ ದಾಳಿ ಮಾಡುತ್ತಾರೆ. ದಾಳಕ್ಕೆ ಎಂಟು ಮುಖ: ಮೂರರಲ್ಲಿ ಪೆಟ್ಟು, ಒಂದರಲ್ಲಿ ಬಲವಾದ ಪೆಟ್ಟು, ಎರಡರಲ್ಲಿ ಫೋಕಸ್ ಗುರುತು, ಉಳಿದೆರಡು ಖಾಲಿ. ಬರಿಗೈಯಲ್ಲಿ ಎಸೆದರೆ ಪೆಟ್ಟು ಬೀಳುವ ಸಾಧ್ಯತೆ ಅರ್ಧ. ಫೋಕಸ್ ಎಂಬ ಟೋಕನ್ ಪಡೆದು ಖರ್ಚು ಮಾಡಿದರೆ ಆ ಎರಡು ಗುರುತುಗಳೂ ಪೆಟ್ಟಾಗಿ ಸಾಧ್ಯತೆ ಮುಕ್ಕಾಲಿಗೇರುತ್ತದೆ. ಶತ್ರುವಿನ ಮೇಲೆ ಗುರಿ ಹಿಡಿಯುವ ಟಾರ್ಗೆಟ್ ಲಾಕ್ ಎಂಬ ಟೋಕನ್ ಇದ್ದರೆ ತಪ್ಪಿದ ದಾಳವನ್ನು ಮತ್ತೊಮ್ಮೆ ಎಸೆಯಬಹುದು, ಅದೂ ಮುಕ್ಕಾಲೇ. ಹಾಗಾದರೆ ಯಾವುದು ಮೇಲು? ಫೋಕಸ್ ರಕ್ಷಣೆಗೂ ಒದಗುತ್ತದೆ, ಆದರೆ ಸುತ್ತು ಮುಗಿದರೆ ಹೋಯಿತು. ಲಾಕ್ ಒಬ್ಬನೇ ಶತ್ರುವಿನ ಮೇಲೆ, ಆದರೆ ಬಳಸುವ ತನಕ ಉಳಿಯುತ್ತದೆ. ಎರಡೂ ಕೈಯಲ್ಲಿದ್ದರೆ ಸಾಧ್ಯತೆ 16ರಲ್ಲಿ 15. ಇನ್ನು ಒಂದು ಹೆಚ್ಚುವರಿ ದಾಳ ಕೊಡುವ ಅಪ್‌ಗ್ರೇಡ್ ಕಣ್ಣಿಗೆ ಭಾರಿ ಕಾಣುತ್ತದೆ. ಬರಿಯ ನಾಲ್ಕು ದಾಳಕ್ಕೆ ಸಿಗುವುದು ಸರಾಸರಿ 2 ಪೆಟ್ಟು. ಫೋಕಸ್ ಇರುವ ಮೂರು ದಾಳಕ್ಕೆ 2.25. ಅದೇ ನಾಲ್ಕಕ್ಕೂ ಫೋಕಸ್ ಸೇರಿದರೆ 3. ಅಪ್‌ಗ್ರೇಡಿನ ಬೆಲೆ ಅದರ ಜೊತೆಗಿರುವುದರ ಮೇಲೆ ನಿಂತಿದೆ.

ಇಷ್ಟೆಲ್ಲ ಎಣಿಸಿ ಫೋಕಸ್ ಹಿಡಿದವನ ಮೂರೂ ದಾಳ 64ರಲ್ಲಿ ಒಂದು ಸಲ ಸುಳ್ಳಾಗುತ್ತವೆ. ಬರಿಗೈಯವನಿಗೆ ಎಂಟರಲ್ಲಿ ಒಂದು ಸಲ ಮೂರೂ ತಗಲುತ್ತವೆ. ಮೊದಲನೆಯವನದು ತಪ್ಪಲ್ಲ, ಎರಡನೆಯವನದು ಸರಿಯೂ ಅಲ್ಲ. ಇದಕ್ಕೆ ಗಟ್ಟಿಯಾದ ಆಕ್ಷೇಪವಿದೆ. 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ ಎತ್ತಿದ ಪ್ರಶ್ನೆಯ ತಿರುಳು ಅದು: ಒಂದೇ ಬಗೆಯ ಅಜಾಗರೂಕತೆಯಿಂದ ಗಾಡಿ ಓಡಿಸಿದ ಇಬ್ಬರಲ್ಲಿ, ಮಗು ಅಡ್ಡ ಬಂದವನನ್ನೇ ನಾವು ಹೆಚ್ಚು ದೂಷಿಸುತ್ತೇವಲ್ಲ? ದೂಷಿಸುತ್ತೇವೆ, ನಿಜ. ಆದರೆ ಆದ ನಷ್ಟಕ್ಕೆ ಹೊಣೆ ಹೊರುವುದು ಬೇರೆ, ಮನಸ್ಸಿನ ದೋಷವನ್ನು ಅಳೆಯುವುದು ಬೇರೆ. ಮಗು ಅಡ್ಡ ಬರದವನು ಪರಿಹಾರ ಕೊಡಬೇಕಿಲ್ಲ. ಅಷ್ಟರಿಂದಲೇ ಅವನು ಒಳ್ಳೆಯ ಚಾಲಕನಾಗುವುದಿಲ್ಲ.

ಆಟದಲ್ಲಿ ದಾಳದ ಮುಖಗಳು ಗೊತ್ತು, ಬದುಕಿನಲ್ಲಿ ಗೊತ್ತಿಲ್ಲ ಎಂಬುದು ಇನ್ನೊಂದು ಆಕ್ಷೇಪ. ಮಹಾಭಾರತದ ವನಪರ್ವದಲ್ಲಿ ಇದಕ್ಕೆ ಉತ್ತರದ ಜಾಡು ಸಿಗುತ್ತದೆ. ಜೂಜಿನಲ್ಲಿ ಎಲ್ಲ ಕಳೆದುಕೊಂಡ ಧರ್ಮರಾಯನಿಗೆ ಬೃಹದಶ್ವ ಋಷಿ ಹೇಳುವುದು ಇನ್ನೊಬ್ಬ ಜೂಜುಗಾರ ನಳನ ಕಥೆ. ಆ ಕಥೆಯಲ್ಲಿ ರಾಜ ಋತುಪರ್ಣ, ನಳ ಸಾರಥಿಯಾಗಿ ಓಡಿಸುವ ರಥದಲ್ಲಿ ಕೂತೇ ತಾರೆಮರದ ಎಲೆ, ಕಾಯಿಗಳ ಲೆಕ್ಕ ಹೇಳುತ್ತಾನೆ. ನಳ ಮರ ಕಡಿದು ಎಣಿಸಿ ನೋಡುತ್ತಾನೆ, ಲೆಕ್ಕ ತಾಳೆಯಾಗುತ್ತದೆ. ಹಿಂದಿನ ಕಾಲದಲ್ಲಿ ದಾಳವಾಗಿ ಬಳಸುತ್ತಿದ್ದುದು ಇದೇ ತಾರೆಕಾಯಿ. ನಳ ಅವನಿಂದ ಅಕ್ಷವಿದ್ಯೆ ಕಲಿಯುತ್ತಾನೆ, ಧರ್ಮರಾಯನೂ ಬೃಹದಶ್ವನಿಂದ ಕಲಿಯುತ್ತಾನೆ. ಇನ್ನು ಜೂಜೇ ಬೇಡ ಎಂಬ ಉಪದೇಶವಷ್ಟೇ ಅಲ್ಲಿಲ್ಲ. ಗೊತ್ತಿಲ್ಲದಿದ್ದರೆ ಕಲಿ ಎಂಬ ಹೊಣೆಯೂ ಇದೆ. ಫಲದಾಸೆ ಬಿಡು ಎಂಬ ಗೀತೆಯ ಮಾತನ್ನು ಲೆಕ್ಕ ಬಿಡಲು ನೆಪ ಮಾಡಿಕೊಳ್ಳುವವರು (ನಮ್ಮಲ್ಲಿ ಅಂಥವರಿಗೇನೂ ಬರವಿಲ್ಲ) ಇದನ್ನು ಮರೆಯುತ್ತಾರೆ. ಎಣಿಸದೆ ಎಸೆದವನ ದಾಳ ಗೆದ್ದರೂ ಅವನು ತಪ್ಪಿತಸ್ಥನೇ.