ಕೈಸರನ ನಾಣ್ಯ, ಬಡವನ ತಟ್ಟೆ

ರೋಮಿನ ಚಕ್ರವರ್ತಿ ಕೈಸರನ ಪಾಲು ಕೈಸರನಿಗೆ, ದೇವರ ಪಾಲು ದೇವರಿಗೆ. ತೆರಿಗೆಯ ಮಾತೆದ್ದಾಗಲೆಲ್ಲ ಕ್ರೈಸ್ತರಿಗೆ ನೆನಪಾಗುವ ಯೇಸುವಿನ ಮಾತಿದು. ಅಮೆರಿಕದ ಅಲಬಾಮ ರಾಜ್ಯ ದಿನಸಿಯ ಮೇಲಿನ ತನ್ನ ತೆರಿಗೆಯನ್ನು 2023ರಲ್ಲಿ ಶೇ 4ರಿಂದ 3ಕ್ಕೆ, 2025ರಲ್ಲಿ 2ಕ್ಕೆ ಇಳಿಸಿದಾಗ ನನಗೂ ನೆನಪಾಯಿತು. ಚರ್ಚಿಗೆ ಹೋಗುವವರೇ ತುಂಬಿರುವ ಆ ರಾಜ್ಯದಲ್ಲಿ ಬಡವರ ಹಾಲು ಬ್ರೆಡ್ಡಿಗೂ ದಶಕಗಳ ಕಾಲ ಪೂರ್ತಿ ತೆರಿಗೆ ಇತ್ತು.

ಯೇಸುವಿನ ಈ ಮಾತಿಗೆ ರಾಜಕಾರಣ ಬೇರೆ, ಧರ್ಮ ಬೇರೆ ಎಂದು ಅರ್ಥ ಹೇಳುವವರಿದ್ದಾರೆ. ಭೂಮಿಯೆಲ್ಲ ದೇವರದೆಂದು ನಂಬಿದ ಯೆಹೂದ್ಯನೊಬ್ಬ ಹಾಗೆ ಪಾಲು ಮಾಡಿರಲಾರ. ಕೇಳಿದಷ್ಟು ಕಟ್ಟಿ ಸುಮ್ಮನಿರಿ ಎಂಬುದು ಇನ್ನೊಂದು ಅರ್ಥ. ಹಾಗಿದ್ದರೆ ಯೇಸು ಕೈಸರನಿಗೆ ತೆರಿಗೆ ಕೊಡಬೇಡಿರೆಂದು ಬೋಧಿಸಿದನೆಂಬ ದೂರು ರೋಮಿನ ಅಧಿಪತಿ ಪಿಲಾತನ ಮುಂದೆ ಏಕೆ ಬರುತ್ತಿತ್ತು?

ಕೈಸರನಿಗೆ ತೆರಿಗೆ ಕೊಡಬೇಕೇ ಎಂದು ಯೇಸುವನ್ನು ಕೇಳಿದವರು ಬಲೆ ಬೀಸಲು ಬಂದಿದ್ದರು. ಗಲಿಲಾಯದ ಯೂದ ರೋಮಿನ ಜನಗಣತಿ ಮತ್ತು ತೆರಿಗೆಯ ವಿರುದ್ಧ ದಂಗೆಯೆದ್ದ ನೆನಪು ಇನ್ನೂ ಮಾಸಿರಲಿಲ್ಲ. ಕೊಡಿ ಎಂದರೆ ಜನ ಮುನಿಯುತ್ತಾರೆ, ಬೇಡ ಎಂದರೆ ರೋಮ್ ಹಿಡಿಯುತ್ತದೆ. ಯೇಸು ನಾಣ್ಯ ತರಿಸಿ, ಇದರ ಮೇಲೆ ಯಾರ ರೂಪವಿದೆ ಎಂದು ಕೇಳಿದ. ನನಗೆ ಕೀಲಿ ಇಲ್ಲೇ ಇದೆ. ನಾಣ್ಯದ ಮೇಲೆ ಕೈಸರನ ರೂಪ. ಮನುಷ್ಯನ ಮೇಲೆ, ಬೈಬಲಿನ ಆದಿಕಾಂಡದ ಪ್ರಕಾರ, ದೇವರ ರೂಪ. ನಾಣ್ಯ ಕೊಡಿ, ಮನುಷ್ಯನನ್ನು ಕೊಡಬೇಡಿ. ಕೂಲಿಯವನ ಹೊಟ್ಟೆಗೆ ಕೈಹಾಕುವ ತೆರಿಗೆ ಕೈಸರನ ಪಾಲನ್ನು ಮೀರಿ ದೇವರ ಪಾಲನ್ನು ಕಿತ್ತುಕೊಳ್ಳುತ್ತದೆ.

ಅಲಬಾಮದ ಸೂಸನ್ ಪೇಸ್ ಹ್ಯಾಮಿಲ್ ಎಂಬ ತೆರಿಗೆ ಕಾನೂನಿನ ಪ್ರಾಧ್ಯಾಪಕಿ ಬೀಸನ್ ದೈವಶಾಸ್ತ್ರ ಶಾಲೆಯಲ್ಲಿ ಓದುತ್ತ, ತಮ್ಮ ರಾಜ್ಯದ ತೆರಿಗೆಯನ್ನು ಬೈಬಲಿನ ಮುಂದಿಟ್ಟು ನೋಡಿದರು. ಆಗ ನಾಲ್ವರ ಕುಟುಂಬ ವರ್ಷಕ್ಕೆ 4,600 ಡಾಲರ್ ಗಳಿಸಿದರೆ ಸಾಕು, ಆದಾಯ ತೆರಿಗೆ ಶುರುವಾಗುತ್ತಿತ್ತು. ರಾಜ್ಯದ ನೆಲದಲ್ಲಿ ಶೇ 71ರಷ್ಟು ಹಬ್ಬಿದ್ದ ಮರಮಟ್ಟಿನ ಕಾಡುಗಳಿಂದ ಬರುತ್ತಿದ್ದುದು ಆಸ್ತಿ ತೆರಿಗೆಯ ಶೇ 2ಕ್ಕಿಂತ ಕಡಿಮೆ. ಇದು ಕ್ರೈಸ್ತ ನೀತಿಗೆ ವಿರುದ್ಧವೆಂದು 2002ರಲ್ಲಿ ಬರೆದರು. ರಿಪಬ್ಲಿಕನ್ ಪಕ್ಷದ ಬ್ಯಾಪ್ಟಿಸ್ಟ್ ಗವರ್ನರ್ ಬಾಬ್ ರೈಲಿ, ಅದುವರೆಗೆ ತೆರಿಗೆ ಏರಿಕೆಯನ್ನು ವಿರೋಧಿಸುತ್ತಲೇ ಬಂದವರು, ಮರುವರ್ಷ ಬಡವರ ಹೊರೆ ಇಳಿಸಿ ಉಳ್ಳವರ ಮೇಲೆ ಏರಿಸುವ 120 ಕೋಟಿ ಡಾಲರಿನ ಯೋಜನೆ ತಂದರು. ಬಡವರನ್ನು ನೋಡಿಕೊಳ್ಳುವುದು ಕ್ರೈಸ್ತನ ಕರ್ತವ್ಯವೆಂದು ಬಾಯಿಬಿಟ್ಟು ಹೇಳಿದರು. ಅಲಬಾಮದ ಕ್ರಿಶ್ಚಿಯನ್ ಕೊಯಲಿಶನ್ ಎಂಬ ಸಂಘಟನೆ ವಿರೋಧಿಸಿತು. 2003ರ ಸೆಪ್ಟೆಂಬರ್ 9ರ ಜನಮತಗಣನೆಯಲ್ಲಿ ಮೂರರಲ್ಲಿ ಎರಡು ಪಾಲು ಮತ ಯೋಜನೆಯ ವಿರುದ್ಧ ಬಿತ್ತು. ಬೇಡವೆಂದವರಲ್ಲಿ ಅದರಿಂದ ಲಾಭ ಪಡೆಯಬೇಕಾಗಿದ್ದ ಬಡವರೂ ಇದ್ದರು. ಸರ್ಕಾರದ ಮೇಲೆ ಅವರಿಗೆ ನಂಬಿಕೆ ಸತ್ತಿತ್ತು.

ದಾನ ಮನಸಾರೆ ಕೊಡುವಂಥದ್ದು, ಸರ್ಕಾರ ಬಲವಂತವಾಗಿ ವಸೂಲಿ ಮಾಡಿದರೆ ಅದರಲ್ಲಿ ಪುಣ್ಯವೇನು ಎಂಬ ವಾದವನ್ನು ಅನೇಕ ಕ್ರೈಸ್ತರು ಇಂದಿಗೂ ಮುಂದಿಡುತ್ತಾರೆ. ಆದರೆ ಇಲ್ಲಿ ದಾನದ ಪ್ರಶ್ನೆಯೇ ಇಲ್ಲ. ಬೈಬಲಿನ ಪ್ರವಾದಿ ಯೆಶಾಯ ಶಪಿಸಿದ್ದು ಜಿಪುಣರನ್ನಲ್ಲ, ಬಡವರ ಹಕ್ಕು ಕಸಿಯುವ ಶಾಸನ ಬರೆದವರನ್ನು. ಚರ್ಚಿನ ಅನ್ನದಾನದಿಂದ ಅಂಥ ಶಾಸನ ಸರಿಹೋಗುವುದಿಲ್ಲ.

ದಿನಸಿ ತೆರಿಗೆ ಇಳಿದದ್ದು ಒಳ್ಳೆಯದಾಯಿತು. ಆದರೂ ಶೇ 2 ಉಳಿದಿದೆ, ಅದರ ಮೇಲೆ ನಗರ ಮತ್ತು ಕೌಂಟಿಗಳ ತೆರಿಗೆ ಬೇರೆ. ಅದನ್ನೂ ತೆಗೆದು ಆ ಹಣವನ್ನು ಕಾಡಿನ ಒಡೆಯರಿಂದ ಪಡೆಯಿರಿ ಎಂದು ಅಲ್ಲಿನ ಪಾದ್ರಿಗಳು ಭಾನುವಾರದ ಪ್ರಸಂಗದಲ್ಲೇ ಹೇಳಬೇಕು, ಆ ಒಡೆಯರು ಮುಂದಿನ ಸಾಲಿನಲ್ಲಿ ಕುಳಿತಿದ್ದರೂ.