ಉಣುಗೋಲಿನ ಪಕ್ಕದ ಬೋರ್ಡು

‘ಅವರವರ ನಂಬಿಕೆ ಅವರಿಗೆ. ನಾವ್ಯಾಕೆ ಕೆದಕಬೇಕು?’ ಕಳೆದ ಬೇಸಿಗೆಯಲ್ಲಿ ಸಾಗರದ ಕಡೆಯ ಒಂದು ಮದುವೆಯ ಪಂಕ್ತಿಯಲ್ಲಿ ಪಕ್ಕ ಕುಳಿತವರು ಹೀಗೆಂದು ಮಾತು ಮುಗಿಸಿದರು. ಮಾತು ಚೌಡಿ ಬನದ್ದು, ಅಲ್ಲಿ ಕೊಡುವ ಕೋಳಿಯದ್ದು. ಅವರ ದನಿಯಲ್ಲಿ ಸಜ್ಜನಿಕೆಯೇ ಇತ್ತು. ನನಗೆ ಮಾತ್ರ ಊಟ ಸೇರಲಿಲ್ಲ. ಸಹನೆ ಎಂದು ನಾವು ಕರೆಯುವುದರಲ್ಲಿ ಮುಕ್ಕಾಲು ಪಾಲು ಇಂಥದ್ದೇ. ನನ್ನ ತಮ್ಮ ತಪ್ಪು ಮಾತಾಡಿದರೆ ಜಗಳವಾಡುತ್ತೇನೆ. ಜಗಳಕ್ಕೂ ಬೇಡದಷ್ಟು ದೂರದವರನ್ನು ಸಹಿಸಿಕೊಳ್ಳುತ್ತೇನೆ. ಚೌಡಿ ಇದ್ದಾಳೋ ಇಲ್ಲವೋ ಎಂದು ನಂಬಿದವನ ಜೊತೆ ವಾದಕ್ಕೆ ಕೂರುವುದೇ ಅವನಿಗೆ ಕೊಡುವ ಹೆಚ್ಚಿನ ಮರ್ಯಾದೆ ಎಂದು ನಾನು ಬಹಳ ಕಾಲದಿಂದ ನಂಬಿದ್ದೇನೆ.

ಚಾರ್ವಾಕರಿಂದ ವೋಲ್ಟೇರ್‌ವರೆಗೆ ಸಂದೇಹಕ್ಕೆ ದೊಡ್ಡ ಪರಂಪರೆಯಿದೆ. ಎಚ್. ನರಸಿಂಹಯ್ಯನವರು 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪವಾಡಗಳ ಪರೀಕ್ಷೆಗೆಂದೇ ಸಮಿತಿ ಮಾಡಿದರು. ಒಳ್ಳೆಯ ಕೆಲಸ. ಆದರೆ ಪವಾಡ ಮಾಡುವವರ ಕೈಗೆ ಬೂದಿ ಎಲ್ಲಿಂದ ಬಂತು ಎಂಬುದು ನನ್ನ ನಿದ್ದೆ ಕೆಡಿಸುವ ಪ್ರಶ್ನೆಯಲ್ಲ. ನಿದ್ದೆ ಕೆಡಿಸಿದವರು ಪಕ್ಕದ ತೀರ್ಥಹಳ್ಳಿಯ ಮೇಳಿಗೆಯವರು, ಯು.ಆರ್. ಅನಂತಮೂರ್ತಿ.

1986ರ ಮಾರ್ಚ್‌ನಲ್ಲಿ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ನಡೆದದ್ದು ನಮ್ಮ ಕಡೆಯ ಹಿರಿಯರಿಗೆಲ್ಲ ನೆನಪಿದೆ. ಹರಕೆ ಹೊತ್ತವರು ವರದಾ ನದಿಯಲ್ಲಿ ಮಿಂದು ಬೆತ್ತಲೆಯಾಗಿ ರೇಣುಕಾಂಬೆಯ ಗುಡಿಗೆ ನಡೆಯುತ್ತಿದ್ದರು. ತಡೆಯಲು ಹೋದ ಕಾರ್ಯಕರ್ತರ ಮೇಲೆ, ಪೊಲೀಸರ ಮೇಲೆ ಜನ ಮುಗಿಬಿದ್ದರು. ಮಹಿಳಾ ಪೊಲೀಸರನ್ನೂ ಬೆತ್ತಲೆ ಮಾಡಿದರು. ಸರ್ಕಾರ ಆ ಸೇವೆಯನ್ನೇ ನಿಷೇಧಿಸಿತು. ಆ ಬಳಿಕ ಅನಂತಮೂರ್ತಿಯವರು ‘ಬೆತ್ತಲೆ ಪೂಜೆ ಯಾಕೆ ಕೂಡದು’ ಎಂಬ ಲೇಖನ ಬರೆದರು.

ಅದರಲ್ಲಿ ಒಬ್ಬ ಚಿತ್ರಕಾರ ಬರುತ್ತಾನೆ. ರೈತನ ಗುಡಿಸಲಿನಲ್ಲಿ ಕುಂಕುಮ ಹಚ್ಚಿದ ಕಲ್ಲನ್ನು ಕಂಡು, ಫೋಟೊಗೆಂದು ಹೊರಗೆ ಬೆಳಕಿಗೆ ತರಿಸುತ್ತಾನೆ. ಆಮೇಲೆ, ದೇವರನ್ನು ಕದಲಿಸಿ ಅಪಚಾರ ಮಾಡಿದೆನೇನೋ ಎಂದು ಅಳುಕುತ್ತಾನೆ. ರೈತ ನಿರಾಳವಾಗಿದ್ದಾನೆ, ಇನ್ನೊಂದು ಕಲ್ಲು ತಂದು ಕುಂಕುಮ ಹಚ್ಚಿದರಾಯಿತು. ಕಲ್ಲನ್ನು ದೇವರು ಮಾಡುವುದು ಆ ಕುಂಕುಮ, ಆ ಭಕ್ತಿ. ಅದನ್ನು ತಕ್ಕಡಿಯಲ್ಲಿ ತೂಗಲು ಹೊರಟ ನಾವು ಯಾರು? ಓದಿದಾಗಲೆಲ್ಲ ಈ ಪ್ರಶ್ನೆ ನನ್ನನ್ನು ಸೋಲಿಸುತ್ತದೆ, ಮರುದಿನ ಎದ್ದಾಗ ಸಿಟ್ಟು ಬರುತ್ತದೆ.

ಯಾಕೆಂದರೆ ಗುಡಿಸಲಿನ ಕಲ್ಲಿಗೆ ಕುಂಕುಮ ಹಚ್ಚಿದರೆ ಕಲ್ಲಿಗೆ ನೋವಿಲ್ಲ. ವರದೆಯ ದಂಡೆಯಲ್ಲಿ ನಿಂತದ್ದು ಕಲ್ಲಲ್ಲ, ಹೆಣ್ಣುಮಕ್ಕಳು, ಸಾವಿರಾರು ಕಣ್ಣುಗಳ ಮುಂದೆ. ಇನ್ನೊಂದು ಮಾತು. ಅನಂತಮೂರ್ತಿಯವರ ಜಿಜ್ಞಾಸೆಯಲ್ಲಿ ಒಂದು ಕಡೆ ಓದಿದವನು, ಇನ್ನೊಂದು ಕಡೆ ನಂಬಿದವನು. ಚಂದ್ರಗುತ್ತಿಯಲ್ಲಿ ತಡೆಯಲು ನಿಂತವರ ಮುಂಚೂಣಿಯಲ್ಲಿದ್ದದ್ದು ಭದ್ರಾವತಿಯ ಬಿ. ಕೃಷ್ಣಪ್ಪನವರು ಕಟ್ಟಿದ ದಲಿತ ಸಂಘರ್ಷ ಸಮಿತಿ. ಹರಕೆ ಹೊತ್ತವರಲ್ಲಿ ಬಹಳ ಮಂದಿ ದಲಿತರು, ಹಿಂದುಳಿದವರು. ಕೂಡದು ಎಂದವರೂ ಅದೇ ಕೇರಿಗಳ ಮಕ್ಕಳು. ಅದು ಮನೆಯೊಳಗಿನ ಜಗಳ. ಅದನ್ನು ಹೊರಗಿನವರ ದರ್ಪ ಎಂದು ಓದಿದರೆ, ಒಳಗೆ ಕೂಗಿದವರ ದನಿಯೇ ಅಡಗಿಹೋಗುತ್ತದೆ.

ಹಾಗಾಗಿ ನನ್ನದೊಂದು ಅಳತೆ ಮಾಡಿಕೊಂಡೆ. ನಂಬಿಕೆಯ ಖರ್ಚು ಯಾರ ಮೈಮೇಲೆ ಬೀಳುತ್ತದೆ? ನಂಬಿದವನ ಮೇಲೇ ಬಿದ್ದರೆ ವಾದ ಮಾಡುತ್ತೇನೆ, ಕೈ ಹಿಡಿದು ತಡೆಯುವುದಿಲ್ಲ. ಇನ್ನೊಬ್ಬರ ಮೇಲೆ ಬಿದ್ದರೆ ತಡೆಯಬೇಕು. 2017ರ ಮೌಢ್ಯ ನಿಷೇಧ ಕಾಯ್ದೆ 2020ರ ಜನವರಿಯಲ್ಲಿ ಜಾರಿಗೆ ಬಂದಾಗ ನನ್ನ ಅಳತೆಯೇ ಸರಿ ಎಂಬ ಸಮಾಧಾನವಿತ್ತು.

ಆದರೂ ಅನಂತಮೂರ್ತಿಯವರಿಗೆ ಅನ್ಯಾಯ ಮಾಡಬಾರದು. ಅವರು ನಂಬಿಕೆಯ ವಕೀಲರಲ್ಲ. ಬಾಲ್ಯದಲ್ಲಿ ದೇವರ ಕಲ್ಲನ್ನೇ ಪರೀಕ್ಷೆಗೊಡ್ಡಿದ್ದರ ಬಗೆಗಿನ ಅವರ ಬರಹವನ್ನು 2014ರಲ್ಲಿ ನೆನಪಿಸಿದ್ದಕ್ಕೆ ಎಂ.ಎಂ. ಕಲಬುರ್ಗಿಯವರು ಎಷ್ಟು ಸಿಟ್ಟಿಗೆ ಗುರಿಯಾದರು ಎಂಬುದನ್ನು ನಾವೆಲ್ಲ ಕಂಡಿದ್ದೇವೆ. ಆ ರೈತನ ವಿಷಯದಲ್ಲೂ ನಾನು ಒಂದು ಹೆಜ್ಜೆ ಹಿಂದೆ ಹೋಗಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ತುಂಬಿದಾಗ ನನ್ನ ಅಜ್ಜಿಯ ತವರು ನೀರಿಗೆ ಹೋಯಿತು, ಬನದ ಚೌಡಿಯೂ ಹೋದಳು. ಹೊಸ ಜಾಗದಲ್ಲಿ ಹಳ್ಳದಿಂದ ಒಂದು ಕಲ್ಲು ತಂದು ಇಟ್ಟರು. ಅಜ್ಜಿ ಅದಕ್ಕೆ ಅದೇ ಕುಂಕುಮ ಹಚ್ಚಿದಳು, ಅದೇ ದೀಪ ಇಟ್ಟಳು. ಹರಕೆ ಹೇಳಿಕೊಳ್ಳುವಾಗ ಮಾತ್ರ ಮುಖ ಹಿನ್ನೀರಿನ ಕಡೆಗಿರುತ್ತಿತ್ತು. ರೈತ ಹೇಳಿದ್ದು ಸರಿ ಎನ್ನುವುದಕ್ಕೂ ಅಜ್ಜಿ ಸಾಕ್ಷಿ, ತಪ್ಪು ಎನ್ನುವುದಕ್ಕೂ ಅವಳೇ.

ಅಳತೆಯನ್ನು ಇನ್ನೊಬ್ಬರ ಮೇಲಿಟ್ಟವನು ನನ್ನ ತೋಟಕ್ಕೂ ಇಟ್ಟು ನೋಡಬೇಕಾಯಿತು. ತೋಟದ ಬಾಗಿಲಿನಂತಿರುವ ಉಣುಗೋಲಿನ ಪಕ್ಕ ಒಂದು ತಗಡಿನ ಬೋರ್ಡಿತ್ತು: ಈ ತೋಟಕ್ಕೆ ಸಿಗಂದೂರು ಚೌಡೇಶ್ವರಿ ದೇವಿಯ ರಕ್ಷಣೆ ಇದೆ. ಸೇತುವೆ ಇಲ್ಲದ ಕಾಲದಲ್ಲಿ ಅಪ್ಪ ಲಾಂಚಿನಲ್ಲಿ ಹಿನ್ನೀರು ದಾಟಿ ಹೋಗಿ ದೇವಿಗೆ ಹೇಳಿಕೊಂಡು ಬಂದು ಹಾಕಿಸಿದ್ದು. ಅಂಥ ಬೋರ್ಡು ನಮ್ಮ ಸೀಮೆಯಲ್ಲಿ ತೋಟ ತೋಟಕ್ಕೂ ಸಿಗುತ್ತದೆ. ನನಗೆ ನಂಬಿಕೆಯಿಲ್ಲ, ಅಪ್ಪ ಹೋದ ಮೇಲೂ ತೆಗೆಯಲಿಲ್ಲ. ಅಪ್ಪನ ನಂಬಿಕೆ, ಇರಲಿ ಎಂದುಕೊಂಡೆ. ಮದುವೆಮನೆಯವರ ಮಾತೇ ಅದು. ಅಡಿಕೆಯೇನೋ ಒಂದು ಗೊನೆಯೂ ಹೋಗಿಲ್ಲ. ಆದರೆ ಆ ಬೋರ್ಡಿಗೆ ಹೆದರುವವರು ಯಾರು? ಕೊನೆ ಕೊಯ್ಯುವವರು, ಸುಲಿಯಲು ಬರುವ ಹೆಂಗಸರು. ನಂಬದ ನಾನು ಅವರ ನಂಬಿಕೆಯನ್ನು ಸಂಬಳವಿಲ್ಲದ ಕಾವಲಿಗೆ ನಿಲ್ಲಿಸಿದ್ದೆ.

ಅದು ಹೊಳೆದ ದಿನವೇ ಬೋರ್ಡು ಬಿಚ್ಚಿದೆ. ಮರುದಿನ ಬೆಳಿಗ್ಗೆ, ಇಪ್ಪತ್ತು ವರ್ಷದಿಂದ ನಮ್ಮಲ್ಲಿ ಕೊನೆ ಕೊಯ್ಯುವವನು ಬೋಳಾದ ಕಂಬದ ಹತ್ತಿರ ನಿಂತಿದ್ದ.

‘ಯಾಕಣ್ಣಾ ತೆಗೆದ್ರಿ?’

ಹೇಳಿದೆ. ಪೂರ್ತಿ ಕೇಳಿಸಿಕೊಂಡ.

‘ಅಡ್ಕೆ ಕಡ್ಮೆಯಾದ್ರೆ ಎಲ್ರೂ ಮೊದ್ಲು ನನ್ನ ಮುಖ ನೋಡ್ತಾರೆ. ಅಮ್ಮ ಇದ್ರೆ, ಕದ್ದೋರು ಯಾರು ಅಂತ ಅವ್ಳೇ ನೋಡ್ಕಳ್ತಾಳೆ. ಅದು ನಿಮ್ಮ ತೋಟಕ್ಕಷ್ಟೇ ಅಲ್ಲಣ್ಣಾ, ನಂಗೂ ಇತ್ತು.’

ನಿನ್ನ ಮೇಲೆ ನನಗೆ ಅನುಮಾನವಿಲ್ಲ ಎಂದೆ. ನಿಮ್ಗಿಲ್ಲ, ಊರಿಗೆ? ಎಂದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ನಂಬಿಕೆಯ ಖರ್ಚನ್ನು ಅಳೆದವನು ಸಂದೇಹದ ಖರ್ಚು ಯಾರ ಮೇಲೆ ಬೀಳುತ್ತದೆಂದು ನೋಡಿರಲಿಲ್ಲ. ಬೋರ್ಡು ಈಗ ಕೊಟ್ಟಿಗೆಯ ಗೋಡೆಗೆ ಒರಗಿದೆ. ಕೊನೆ ಕೊಯ್ಲಿಗೆ ಇನ್ನು ಹದಿನೈದು ದಿನ. ಅವನು ದಿನವೂ ಅದರ ಕಡೆ ನೋಡಿಯೇ ತೋಟಕ್ಕೆ ಇಳಿಯುತ್ತಾನೆ.